ಬೂದಿ ಮುಟ್ಟಿ ನೋಡದವರು

ಡುಲುತ್
ಸೆಪ್ಟೆಂಬರ್ ೯

ಆರ್ಡಿಸ್,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಕಾಣುತ್ತಿದೆಯಲ್ಲ. ನಿನಗೋಸ್ಕರ ಇನ್ನೊಂದು ಹಾಳೆ ಯಾಕೆ ದಂಡ ಮಾಡಲಿ.

ನಿನ್ನ ಕಾಗದ ಬಂತು. ನಿಮ್ಮಮ್ಮನಿಗೆ ತೊಂಬತ್ತೊಂದು, ಇನ್ನು ಹೆಚ್ಚು ದಿನವಿಲ್ಲ, ನಮ್ಮ ಸ್ಕೌಟ್ ದಳದ ಹಳೆಯ ಹುಡುಗಿಯರೆಲ್ಲ ಸೇರಿ ತಮ್ಮ ನಾಯಕಿಯಾಗಿದ್ದ ಅವರಿಗೆ ಸನ್ಮಾನ ಮಾಡುತ್ತಿದ್ದಾರೆ, ನಾನೂ ಬಂದು ನಾಲ್ಕು ಒಳ್ಳೆಯ ಮಾತಾಡಬೇಕು. ಕೊನೆಗೆ, "ಆ ಬೆಂಕಿ ಕಥೆ ಹೇಳೇ ಮಾರಾಯ್ತಿ, ಎಲ್ರೂ ನಗ್ತಾರೆ" ಅಂತ ಬೇರೆ. ನಿನಗೆ ನಾಚಿಕೆ ಹುಟ್ಟಿನಿಂದಲೇ ಇಲ್ಲವೋ, ನಡುವೆ ಎಲ್ಲಾದರೂ ಕಳೆದುಕೊಂಡೆಯೋ.

ಕಥೆ ನನಗೆ ಚೆನ್ನಾಗಿ ನೆನಪಿದೆ. ಆಗ ನಮಗೆ ಹನ್ನೊಂದು. ಸರೋವರದ ದಂಡೆಯ ಪೈನ್ ಕಾಡಿನಲ್ಲಿ ಮೂರು ದಿನ ಡೇರೆ ಹಾಕಿದ್ದೆವು. ಹೊರಡುವ ಬೆಳಿಗ್ಗೆ ಬೆಂಕಿ ಆರಿಸುವ ಸರದಿ ನಮ್ಮಿಬ್ಬರದು. ನೀರು ಸುರಿಯಬೇಕು, ಕೋಲಿನಿಂದ ಕಲಕಬೇಕು, ಬರಿಗೈಯನ್ನು ಬೂದಿಯೊಳಗೆ ಇಟ್ಟು ನೋಡಬೇಕು. ಆಮೇಲೆ ನಿಮ್ಮಮ್ಮನ ಮುಂದೆ ನಿಂತು ‘ತಣ್ಣಗಿದೆ’ ಎಂದು ಒಪ್ಪಿಸಬೇಕು. ನಾನು ಇನ್ನೊಂದು ಬಕೆಟ್ ನೀರು ತರುವಷ್ಟರಲ್ಲಿ ನೀನು, "ಮುಟ್ಟಿ ನೋಡ್ದೆ ಕಣೇ, ಐಸ್ ಥರ ಇದೆ. ನೀನ್ಹೋಗಿ ಅಮ್ಮಂಗೆ ಹೇಳ್ಬಿಡು" ಎಂದೆ. ನಾನು ಪೆದ್ದಿ, ಹೋಗಿ ಹೇಳಿದೆ.

ಉದುರಿದ ಎಲೆಗಳಡಿ, ಬೇರಿನಗುಂಟ ಹರಿದ ಕಿಡಿ ಮೂರನೆಯ ದಿನ ಮೇಲೆದ್ದು ಪಕ್ಕದ ಮುದುಕ ಐನೊನ ಮೀನುಬಲೆಯ ಶೆಡ್ಡನ್ನು ಸುಟ್ಟು ಹಾಕಿತು. ನಿಮ್ಮಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ, "ತಣ್ಣಗಿದೆ ಅಂದೋರು ಯಾರು?" ಎಂದು ಕೇಳಿದರು. ನಾನು ನಿನ್ನ ಮುಖ ನೋಡಿದೆ. ನೀನು ನಿನ್ನ ಬೂಟು ನೋಡುತ್ತಿದ್ದೆ. ಎಲ್ಲರೆದುರು ನನ್ನ ಸಮವಸ್ತ್ರದ ಬ್ಯಾಡ್ಜುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದರು. ಕತ್ತರಿ ತಂದುಕೊಟ್ಟವಳು ನೀನು.

ಆ ಬೇಸಿಗೆಯೆಲ್ಲ ದಳದವರು ಸಮಾಜಸೇವೆ ಎಂದು ಐನೊನ ಹೊಸ ಶೆಡ್ಡಿಗೆ ಹಲಗೆ ಹೊತ್ತರು. ಊಟದ ಹೊತ್ತಿಗೆ ಒಬ್ಬಳೂ ನನ್ನ ಪಕ್ಕ ಕೂರಲಿಲ್ಲ. ಐನೊ ಒಬ್ಬನೇ, "ಸಾಕು ಮಗಾ, ಸ್ವಲ್ಪ ಕೂತ್ಕೋ" ಎನ್ನುತ್ತಿದ್ದ. ಶಾಲೆ ಮುಗಿಯುವ ತನಕ ಆ ಊರಿಗೆಲ್ಲ ನಾನು ಬೆಂಕಿ ಮಾರ್ಲಿಸ್. ನಿನ್ನನ್ನು ಕಂಡರೆ ನನಗಾಗದು, ಆರ್ಡಿಸ್. ಐವತ್ತಮೂರು ವರ್ಷವಾದರೂ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಸನ್ಮಾನಕ್ಕೆ ಬರುತ್ತೇನೆ. ಆದರೆ ಮೊದಲು ನೀನು ನಿಮ್ಮಮ್ಮನ ಹಾಸಿಗೆಯ ಪಕ್ಕ ಕೂತು, ಅವತ್ತು ಬೂದಿ ಮುಟ್ಟಿರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಕಣ್ಣು ಮುಚ್ಚುವ ಮೊದಲು ನಿಜ ಅವರಿಗೆ ಗೊತ್ತಾಗಬೇಕು. ನನಗೆ ಬೇಕಾದದ್ದು ಅಷ್ಟೇ.

ಮಾರ್ಲಿಸ್

ತಾ.ಕ.: ಈ ಕಾಗದ ಎರಡು ದಿನ ಮೇಜಿನ ಮೇಲೇ ಬಿದ್ದಿತ್ತು. ನಿನ್ನನ್ನು ನಂಬಿ ಕೂತರೆ ಆಗುವುದಲ್ಲವೆಂದು ಇವತ್ತು ನಾನೇ ಆಸ್ಪತ್ರೆಗೆ ಹೋದೆ. ನಿಮ್ಮಮ್ಮ ನನ್ನ ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮುಂಚೆಯೇ, "ಅವತ್ತು ಇಬ್ರ ಕೈನೂ ನೋಡಿದ್ದೆ ಕಣಮ್ಮಾ, ಯಾರ ಕೈಲೂ ಮಸಿ ಇರ್ಲಿಲ್ಲ. ಹೊತ್ತಾಯ್ತು ಅಂತ ವ್ಯಾನ್ ಹತ್ತಿಸಿದೋಳು ನಾನೇ. ತಪ್ಪು ಯಾರ ತಲೆ ಮೇಲಾದ್ರೂ ಹಾಕ್ಬೇಕಿತ್ತು, ನೀನು ನನ್ ಮಗಳಲ್ಲ" ಎಂದರು. ಕೈ ಹಿಡಿದುಕೊಂಡು, "ಆರ್ಡಿಸ್‌ಗೆ ಮಾತ್ರ ಹೇಳ್ಬೇಡ, ನನ್ ಮೇಲೆ ಪ್ರಾಣ ಇಟ್ಕೊಂಡಿದಾಳೆ" ಎಂದು ಬೇಡಿಕೊಂಡರು. ಹೇಳುವುದಿಲ್ಲ ಎಂದು ಮಾತು ಕೊಟ್ಟು ಮನೆಗೆ ಬಂದು ಇದನ್ನು ಬರೆದೆ.