ಕರ್ಪೂರದ ಅರ್ಕಾವತ್ತು

ಕೋಲಾರ
೧೮-೮-೧೯೮೪, ಶನಿವಾರ

ಪ್ರೀತಿಯ ಮಗಳು ಶ್ಯಾಮಲಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಆರೋಗ್ಯ. ನೀನು ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಆ ಕಂಪ್ಯೂಟರ್ ಇಟ್ಟಿರುವ ಕೋಣೆಯಲ್ಲಿ ಯಂತ್ರಕ್ಕೆ ಸೆಕೆ ಆಗಬಾರದು ಅಂತ ದಿನವೆಲ್ಲಾ ತಣ್ಣನೆ ಗಾಳಿ ಬಿಡುತ್ತಾರಂತೆ. ಯಂತ್ರಕ್ಕೆ ಅಷ್ಟು ಉಪಚಾರ ಮಾಡುವವರು ಪಕ್ಕದಲ್ಲಿ ಕೂತವಳಿಗೆ ಒಂದು ಸ್ವೆಟರ್ ಹಾಕಿಕೋ ಅಂತಲಾದರೂ ಹೇಳುತ್ತಾರೋ ಇಲ್ಲವೋ. ಮೈಸೂರಿನ ಹಾಸ್ಟೆಲಿನಲ್ಲಿ ಮುದ್ದೆ ಸಿಗುವುದಿಲ್ಲ ಅಂತ ನಿಮ್ಮಮ್ಮನಿಗೆ ಇನ್ನೂ ಸಂಕಟ. ರಾಗಿ ಹುರಿದು ಹುರಿಟ್ಟು ಮಾಡಿ ಡಬ್ಬಿಗೆ ತುಂಬಿದ್ದಾಳೆ.

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಒಂದೂವರೆ ವರ್ಷದಿಂದ ಈ ಮನೆಯ ಕಾಗದಗಳನ್ನೆಲ್ಲಾ ನಿಮ್ಮಮ್ಮ ಬಾಯಲ್ಲಿ ಹೇಳಿ, ನಮ್ಮ ಅಚ್ಚುಕೂಟದಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮಿಷನ್ ನಡೆಸುವ ಕದಿರೇಶ ಭಾನುವಾರ ಬಂದು ಬರೆದುಕೊಡುತ್ತಿದ್ದ. ನಾನು ಅಲ್ಲೇ ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ‘ನೀವೂ ಎರಡು ಸಾಲು ಹೇಳಿ ಅಣ್ಣ’ ಅನ್ನುತ್ತಿದ್ದ. ನಾನು ಬೀಡಿ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಹೋದ ವರ್ಷದ ಸಂಕ್ರಾಂತಿಯನ್ನು ನೀನೂ ಮರೆತಿರಲಾರೆ. ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವುದೇ ನಿನ್ನ ಸಂಶೋಧನೆ ಅಂತ ಎಷ್ಟು ಖುಷಿಯಿಂದ ಹೇಳಿದೆ. ಹಾಗಾದರೆ ಈ ಸೀಸದ ಅಚ್ಚುಮೊಳೆ, ಅವನ್ನು ಇಡುವ ಈ ಕೇಸುಗಳ ಗತಿ ಏನು ಅಂತ ಕೇಳಿದೆ. ನಿನಗೆ ಚಿಕ್ಕಂದಿನಿಂದಲೂ ಸುಳ್ಳು ಬರುವುದಿಲ್ಲ. ‘ಆಮೇಲೆ ಬೇಕಾಗಲ್ಲಪ್ಪ’ ಅಂದುಬಿಟ್ಟೆ. ಮೂವತ್ತೆರಡು ವರ್ಷ ನಿಂತು ನಿಂತು ಮೊಳೆ ಜೋಡಿಸಿ ಕಾಲಿನ ನರ ಉಬ್ಬಿಸಿಕೊಂಡವನಿಗೆ ಆ ಮಾತು ಎಲ್ಲಿ ನಾಟಿತೋ, ‘ಅಪ್ಪನ ಕೈ ಕಡಿಯೋಕೇನೇ ನಿನ್ನ ಓದಿಸಿದ್ದು?’ ಅಂದೆ. ನೀನು ಊಟಕ್ಕೂ ನಿಲ್ಲದೆ ಸಂಜೆ ಬಸ್ಸಿಗೆ ಹೊರಟೆ. ನಿಮ್ಮಮ್ಮ ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಓಡಿದಳು. ನಾನು ಓಡಲಿಲ್ಲ.

ಆದರೆ ಅಕ್ಷರದ ಹುಚ್ಚು ನಿನಗೆ ಹಿಡಿಸಿದವನು ನಾನೇ ಅಲ್ಲವೇ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲು ಬಿಟ್ಟ ಕೂಡಲೇ ಅಚ್ಚುಕೂಟಕ್ಕೆ ಬಂದು ನನ್ನ ಕೇಸಿನ ಕೆಳಗೆ ಕೂರುತ್ತಿದ್ದೆ. ಮಾಲೀಕರು ಶ್ರೀನಿವಾಸಪ್ಪನವರು ಬೇರೆ ಮಕ್ಕಳನ್ನು ಬಾಗಿಲಿಗೇ ಬಿಡುತ್ತಿರಲಿಲ್ಲ, ನಿನ್ನನ್ನು ಮಾತ್ರ ಏನೂ ಅನ್ನುತ್ತಿರಲಿಲ್ಲ. ಒಂದು ಸಲ ಜೋಡಿಸಿಟ್ಟ ಪುಟ ಕೈಜಾರಿ ಬಿದ್ದು ಮೊಳೆಗಳೆಲ್ಲಾ ನೆಲದ ಮೇಲೆ ಚೆಲ್ಲಿಹೋದವು. ಮೂರು ಸಂಜೆ ಕೂತು ನೀನೇ ಆರಿಸಿ ಕೇಸಿನಲ್ಲಿ ಅವುಗಳ ಮನೆಗೆ ಹಾಕಿದೆ. ಒತ್ತಕ್ಷರಗಳಿಗೆ ಯಾಕೆ ಬೇರೆ ಮನೆ ಅಂತ ನಿನಗೆ ದುಃಖ. ಮಕ್ಕಳು ತಾಯಿ ಹತ್ತಿರ ಇರಲಿ ಅಂತ ಕ ಒತ್ತನ್ನೆಲ್ಲಾ ಕ ಮನೆಗೆ, ತ ಒತ್ತನ್ನೆಲ್ಲಾ ತ ಮನೆಗೆ ಸೇರಿಸಿಬಿಟ್ಟಿದ್ದೆ. ಮಾರನೇ ದಿನ ಮುಳಬಾಗಿಲಿನ ಒಂದು ಲಗ್ನಪತ್ರಿಕೆಯ ಪ್ರೂಫ್ ತೆಗೆದರೆ ಗಂಡಿನ ಹೆಸರಿಗೆ ಎರಡು ಕಡೆ ಬೇಡದ ಒತ್ತಿನ ಬಾಲ ಬಂದಿತ್ತು. ಬೈಗಳು ನಾನು ತಿಂದೆ. ಮನೆಗೆ ಬಂದು ನಿಮ್ಮಮ್ಮನ ಮುಂದೆ ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದೂ ನಾನೇ.

ಈ ತಿಂಗಳ ಮೊದಲನೇ ವಾರ ನಿನ್ನ ದಪ್ಪ ಕವರು ಬಂತು. ಒಂದೊಂದು ಹಾಳೆಗೂ ಅಂಗೈಯಗಲದ ಅಕ್ಷರಗಳು, ಎಲ್ಲಾ ನಿನ್ನ ಕಂಪ್ಯೂಟರ್ ಚುಕ್ಕೆ ಚುಕ್ಕೆಯಾಗಿ ಮೂಡಿಸಿದ್ದು. ಜೊತೆಗೆ ಒಂದೇ ಸಾಲು: ‘ಅಪ್ಪ, ಇದರಲ್ಲಿ ಏನೋ ತಪ್ಪಿದೆ, ಇಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ, ನೀವೇ ಹೇಳಿ.’ ನಾನು ಅದನ್ನು ತೆಗೆದು ಅಟ್ಟದ ಮೇಲಿಟ್ಟೆ. ಮೂರನೇ ದಿನ ಊಟಕ್ಕೆ ಬಂದಾಗ ನಿಮ್ಮಮ್ಮ ಆ ಹಾಳೆಗಳನ್ನೆಲ್ಲಾ ನಡುಮನೆಯಲ್ಲಿ ಹಾಸಿಕೊಂಡು ನೋಡುತ್ತಾ ಕೂತಿದ್ದಳು. ಅವಳಿಗೆ ಓದು ಬಾರದು ಅಂತ ನಿನಗೆ ಗೊತ್ತು. ಒಂದು ಅಕ್ಷರದ ಮೇಲೆ ಬೆರಳಿಟ್ಟು ‘ಇದಕ್ಕೇನು, ಹೊಟ್ಟೆಗಿಲ್ಲದೋರ ಥರ ಇದೆ?’ ಅಂದಳು. ಬಗ್ಗಿ ನೋಡಿದರೆ ಠ. ಹೊಟ್ಟೆಯೊಳಗಿನ ಬೊಟ್ಟೇ ಇಲ್ಲ, ಬರೀ ರ ಆಗಿದೆ. ಅವಳ ಬಾಯಲ್ಲಿ ಅದನ್ನು ಕೇಳಿ ನನಗೆ ನಾಚಿಕೆ ಆಯಿತು.

ಆದರೂ ಪೆನ್ಸಿಲ್ ಹಿಡಿಯಲು ಮನಸ್ಸು ಬರಲಿಲ್ಲ. ಹಾಳೆಗಳನ್ನು ಸುತ್ತಿಕೊಂಡು ಮಾಲೂರಿಗೆ ಬಸ್ಸು ಹತ್ತಿದೆ. ನನಗೆ ಕೆಲಸ ಕಲಿಸಿದ ದೊಡ್ಡವೆಂಕಟಪ್ಪನವರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಗಟ್ಟಿ. ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ನಮ್ಮಿಬ್ಬರ ಜಗಳದ ಕಥೆಯನ್ನೆಲ್ಲಾ ಕೇಳಿಸಿಕೊಂಡರು. ಆಮೇಲೆ ನಾನು ಇಷ್ಟು ವರ್ಷ ಕೇಳದ ಒಂದು ಸಂಗತಿ ಹೇಳಿದರು. ಅವರ ಅಪ್ಪ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ, ಪತ್ರ ಬರೆದುಕೊಡುತ್ತಿದ್ದರಂತೆ. ಕೈಬರಹದ ಅನ್ನ ಕಸಿಯುವ ಅಚ್ಚುಕೂಟಕ್ಕೇ ಮಗ ಸೇರಿದ ಅಂತ ತಿಳಿದ ದಿನ ತಟ್ಟೆಯ ಮುಂದಿನಿಂದ ಎಬ್ಬಿಸಿ ಕಳಿಸಿದರಂತೆ. ‘ಹನ್ನೊಂದು ವರ್ಷ ಮಾತಾಡಲಿಲ್ಲ ಕಣೋ ಸುಬ್ಬರಾಯ. ಆಮೇಲೆ ಮಾತಾಡೋಣ ಅಂದ್ರೆ ಅವರೇ ಇರಲಿಲ್ಲ. ನಿನಗೆ ಎಷ್ಟು ವರ್ಷ ಬೇಕು?’ ಅಂತ ಕೇಳಿದರು. ಅವರ ಮಗಳು ಕೊಟ್ಟ ಕಾಫಿ ಆರಿಹೋಗುವವರೆಗೆ ಕೂತಿದ್ದು ಎದ್ದು ಬಂದೆ.

ಮಾರನೇ ದಿನದಿಂದ ಎಂಟು ದಿನ, ಮಧ್ಯಾಹ್ನದ ಬಿಡುವಿನಲ್ಲಿ ನಿನ್ನ ಹಾಳೆ ಹಿಡಿದು ಕೂತೆ. ಎಲ್ಲಾ ತಪ್ಪಿಗೂ ಅಂಚಿನಲ್ಲಿ ಗುರುತು ಹಾಕಿದ್ದೇನೆ. ಧ ಕೆಳಗಿನ ಸೀಳು ಕಳೆದುಹೋಗಿ ದ ಆಗಿದೆ. ಶಾಸ್ತ್ರ ಅನ್ನುವ ಕಡೆ ಎರಡು ಒತ್ತುಗಳು ಕೆಳಗಿನ ಸಾಲಿನ ತಲೆ ತುಳಿಯುತ್ತಿವೆ, ಸಾಲು ಸಾಲಿಗೂ ಇನ್ನಷ್ಟು ಜಾಗ ಬಿಡಬೇಕು. ಮುಖ್ಯವಾದದ್ದು ಕರ್ಪೂರ. ನಿನ್ನ ಯಂತ್ರ ಅರ್ಕಾವತ್ತನ್ನು ಕ ಪಕ್ಕದಲ್ಲೇ ನಿಲ್ಲಿಸಿದೆ, ಓದಿದರೆ ರ್ಕಪೂರ ಆಗುತ್ತದೆ. ನೀವೆಲ್ಲಾ ಬಾಯಲ್ಲಿ ಹೇಳುವ ಕ್ರಮದಲ್ಲೇ ಅಕ್ಷರ ಕೊಡುತ್ತಿದ್ದೀರಿ ಅಂತ ಕಾಣುತ್ತದೆ. ಕೊಡುವುದು ಹಾಗೇ ಕೊಡಿ, ಆದರೆ ಮೂಡಿಸುವ ಮೊದಲು ಯಂತ್ರಕ್ಕೆ ಜಾಗ ಅದಲುಬದಲು ಮಾಡಲು ಕಲಿಸಬೇಕು. ಕಿವಿಗೆ ರ ಮೊದಲು, ಕೈಗೆ ಪ ಮೊದಲು. ಮೂವತ್ತೆರಡು ವರ್ಷ ನನ್ನ ಕೈ ಮಾಡಿದ್ದು ಇದನ್ನೇ. ಅದನ್ನು ಮಾತಿನಲ್ಲಿ ಹೇಳಿದ್ದು ಇದೇ ಮೊದಲು.

ಇದನ್ನು ಬರೆಯುವಾಗ ಒಂದು ವಿಷಯ ಮನಸ್ಸಿಗೆ ಬಂತು. ಮೊಳೆಗಳು ಸವೆದುಹೋಗುತ್ತವೆ, ನಾನೂ ಹೋಗುತ್ತೇನೆ. ನೀನು ಕೇಳದಿದ್ದರೆ ಈ ವಿದ್ಯೆ ನನ್ನ ಬೆರಳಲ್ಲೇ ಉಳಿದು ಹೋಗುತ್ತಿತ್ತು. ಅವತ್ತು ಆಡಿದ ಮಾತು ತಪ್ಪು ಕಣಮ್ಮ. ಅಪ್ಪಂದಿರು ಹೀಗೆ ಬರೆಯುವುದು ವಾಡಿಕೆ ಇಲ್ಲ, ಆದರೂ ಬರೆದಿದ್ದೇನೆ. ಕದಿರೇಶನ ಕೈಯಲ್ಲಿ ಬರೆಸುವ ಮಾತಲ್ಲ ಇದು. ನಿಮ್ಮಮ್ಮನಿಗೆ ಓದಿ ಹೇಳಿದೆ. ‘ಪೋನೀಲೇ, ಹೋಗ್ಲಿ ಬಿಡಿ, ಈಗಲಾದರೂ’ ಅಂತ ಎದ್ದು ಒಲೆ ಕಡೆ ಹೋದಳು. ಬೆನ್ನು ತಿರುಗಿಸಿಕೊಂಡೇ ಕಣ್ಣು ಒರೆಸಿಕೊಂಡಳು.

ಶ್ರೀನಿವಾಸಪ್ಪನವರು ನಿನ್ನನ್ನು ಕೇಳಿದರು ಅಂತ ತಿಳಿಸಲು ಹೇಳಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನ ಓದಿಗೆ ಒಳ್ಳೆಯದು ಮಾಡಲಿ.

ಇಂತಿ ನಿನ್ನ ಅಪ್ಪ,
ಸುಬ್ಬರಾಯಪ್ಪ

ತಾ.ಕ.: ನಿಮ್ಮ ಪ್ರೊಫೆಸರು ಮೂರು ತಿಂಗಳು ಬಂದು ಅಕ್ಷರಗಳನ್ನು ತಿದ್ದಿಕೊಡಿ ಅಂತ ನನಗೆ ಬರೆದಿದ್ದರು. ಒಪ್ಪಿ ನಿನ್ನೆ ಕಾರ್ಡು ಹಾಕಿದೆ, ಗುರುವಾರ ಬರುತ್ತೇನೆ. ಆದರೆ ಅವರಿಗೂ ನಿಮ್ಮಮ್ಮನಿಗೂ ಹೇಳದ ಒಂದು ಮಾತಿದೆ. ವರ್ಷದಿಂದ ಬಲಗಣ್ಣಿಗೆ ಪೊರೆ ಕಟ್ಟಿದೆ, ಈಗ ಎಡಗಣ್ಣೂ ಮಬ್ಬು. ಮೊಳೆಗಳ ಮನೆ ಬೆರಳಿಗೆ ಗೊತ್ತಿರುವುದರಿಂದ ಇಲ್ಲಿ ಯಾರಿಗೂ ತಿಳಿದಿಲ್ಲ, ಪ್ರೂಫ್ ಓದುವುದನ್ನು ಕದಿರೇಶನಿಗೆ ಬಿಟ್ಟಿದ್ದೇನೆ. ನಿನ್ನ ಅಕ್ಷರ ಅಂಗೈಯಗಲ ಇದ್ದದ್ದಕ್ಕೆ ಕಂಡವು. ಈ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬರೆದಿದ್ದೇನೆ. ಪ್ರೊಫೆಸರ ಹತ್ತಿರ ಕರೆದುಕೊಂಡು ಹೋಗುವ ಮೊದಲು ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗು, ನನಗೆ ಒಬ್ಬನೇ ಹೋಗಲು ಭಯ. ಬಸ್ ಸ್ಟ್ಯಾಂಡಿಗೆ ಖಂಡಿತ ಬಾ. ದೂರದಿಂದ ನಿನ್ನ ಗುರುತು ನನಗೆ ಸಿಗುವುದಿಲ್ಲ, ನೀನೇ ಅಪ್ಪಾ ಅಂತ ಕೂಗು.