ಕುಂಬಾರ ಸೇತುವೆಯವರೆಗೆ ಹಾಯಿ

ಮರುಹರಿವಿನ ನಲವತ್ತೊಂದನೆಯ ವರ್ಷ, ಆಷಾಢದ ಮೂವತ್ತನಾಲ್ಕನೆಯ ದಿನ
ವೃಷಭಾವತಿಯ ಎಡದಂಡೆ, ಬೆಂಗಳೂರು

ನಮಗಿಂತ ಮೊದಲು ಇಲ್ಲಿ ಬದುಕಿದವರಿಗೆ,

ತಾರೀಖು ತಪ್ಪಿಲ್ಲ. ಗಾಳಿ ನಿಲ್ಲುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ. ಮರುಹರಿವು ಎಂದರೆ, ನೀವೋ ನಿಮ್ಮ ಮಕ್ಕಳೋ ನದಿಯ ಮೇಲೆ ಹಾಸಿದ ಚಪ್ಪಡಿಯನ್ನು ನಮ್ಮ ತಾಯಂದಿರು ಒಡೆದು ತೆಗೆದ ವರ್ಷ. ಇಂಥ ಪದಗಳು ನಿಮಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನಿಮ್ಮ ಕಾಲದಲ್ಲಿ ನದಿಗೆ ಬೆನ್ನು ಹಾಕಿದ್ದ ಮನೆಗಳಿಗೆ ಈಗ ಅತ್ತಲೇ ಮುಂಬಾಗಿಲು. ಸೊಪ್ಪು, ಅಂಚೆ, ಇಸ್ತ್ರಿ ಬಟ್ಟೆ ಎಲ್ಲವೂ ಹಾಯಿದೋಣಿಯಲ್ಲಿ ಬರುತ್ತವೆ. ದಂಡೆ ಕುಸಿಯುತ್ತದೆಂದು ಮೋಟಾರು ಬಿಡುವುದಿಲ್ಲ. ನದಿಯ ವಿಷಯವನ್ನು ತೀರ್ಮಾನಿಸುವುದು ತೇಲುಸಭೆ. ಅದು ನೀರಿನ ಮೇಲೆಯೇ ಕೂಡುತ್ತದೆ. ಹಾಯಿ ಏರಿಸಿದರೆ ಒಲ್ಲೆ ಎಂದರ್ಥ, ಇಳಿಸಿದರೆ ಒಪ್ಪಿಗೆ. ಗೋಣಿ ಸೇತುವೆಯಿಂದ ಕುಂಬಾರ ಸೇತುವೆಯವರೆಗೆ ದಂಡೆಗೆ ತಾಗಿಸದೆ ದೋಣಿ ತಂದವರಿಗೆ ಮಾತ್ರ ಅಲ್ಲಿ ಹಕ್ಕು. ನಾಳೆ ಸಭೆಯ ಮುಂದಿರುವ ಪ್ರಶ್ನೆ ಒಂದೇ: ಈ ಎರಡು ಸೇತುವೆಗಳ ನಡುವಿನ ನದಿಯನ್ನು ಮತ್ತೆ ಚಪ್ಪಡಿಯಿಂದ ಮುಚ್ಚಿ, ಚಾಲಕರಿಲ್ಲದ ಸರಕುಗಾಡಿಗಳಿಗೆ ದಾರಿ ಮಾಡಬೇಕೆ? ನಲವತ್ತು ವರ್ಷ ದಂಡೆಯ ಮೇಲೆ ಕೂತು ನೋಡಿದವಳು ನಾನು. ನೋಡುವುದೂ ಒಂದು ಕೆಲಸವೆಂದು ನಂಬಿದ್ದೆ. ನೋಡುವವರಿಗೆ ಹಾಯಿ ಇರುವುದಿಲ್ಲ. ಹಾಗಾಗಿ ಇಂದು ಬೆಳಿಗ್ಗೆ ಕಲಿಯಲು ಹೋದೆ.

ಕಲಿಸುವವರು ಮುನಿಯಲ್ಲಮ್ಮ. ಎಪ್ಪತ್ತು ದಾಟಿದವರು, ದೋಣಿಯ ಮೂಗಿನಲ್ಲಿ ಕಾಲು ಮಡಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಬಲಗೈಗೆ ಹಾಯಿಯ ಹಗ್ಗ, ಎಡಗೈಗೆ ಚುಕ್ಕಾಣಿ ಕೊಟ್ಟರು. ಮೂರು ಸಲ ಅವಕಾಶ ಎಂದರು. ಆಷಾಢದ ಗಾಳಿ ಪಶ್ಚಿಮದಿಂದ ಬೀಸಿ ದೋಣಿಯನ್ನು ಹರಿವಿಗೆ ಎದುರಾಗಿಯೇ ಒಯ್ಯುತ್ತದೆ. ಕೂತವರು ಎರಡೂ ಕೈ ಬಿಡದಿದ್ದರೆ ಸಾಕು.

ಮೊದಲ ಸಲ ತಿರುವಿನವರೆಗೆ ಚೆನ್ನಾಗಿಯೇ ಹೋದೆ. ಅಲ್ಲಿ ನನ್ನ ಎಡಗೈ ತಾನಾಗಿ ಎದ್ದು ಮೂಗು ಮುಚ್ಚಿತು. ಚುಕ್ಕಾಣಿ ಬಿಟ್ಟುಹೋಗಿ ದೋಣಿ ಗಿರ್ರನೆ ತಿರುಗಿ ಕಲ್ಲಿಗೆ ಗುದ್ದಿತು.

"ಏನ್ ತಾಯಿ, ಮೂಗೇನ್ ಹಾರೋಯ್ತಿತ್ತಾ?" ಎಂದರು ಮುನಿಯಲ್ಲಮ್ಮ.

"ಗೊತ್ತಾಗ್ಲಿಲ್ಲ ರೀ. ಕೈ ತಾನೇ ಹೋಯ್ತು."

"ಎಲ್ರುದೂ ಅಲ್ಲೇ ಹೋಗ್ತದೆ. ನನ್ ಮೊಮ್ಮಗ್ಳು ಹುಟ್ಟಿದ್ದೇ ಚಪ್ಪಡಿ ಒಡುದ್ಮೇಲೆ, ಅವ್ಳುದೂ ಅಲ್ಲೇ ಹೋಯ್ತದೆ."

ಇದು ನಿಮ್ಮಿಂದ ಬಂದ ಆಸ್ತಿ. ನೀವು ಸೇತುವೆ ದಾಟುವಾಗ ಮುಚ್ಚಿಕೊಂಡ ಮೂಗನ್ನು ನಾವು ಇನ್ನೂ ಮುಚ್ಚುತ್ತಿದ್ದೇವೆ. ನದಿ ಈಗ ನಾರುವುದಿಲ್ಲ ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ, ಕೈಗೆ ಮಾತ್ರ ಅದು ಗೊತ್ತಿಲ್ಲ ಎಂದುಕೊಳ್ಳುತ್ತೇವೆ.

ಎರಡನೆಯ ಸಲ ಹಲ್ಲು ಕಚ್ಚಿ ಉಸಿರು ಹಿಡಿದೆ. ಉಸಿರು ಕಟ್ಟಿ ಕಣ್ಣು ಮಂಜಾಗಿ ಮತ್ತೆ ಅದೇ ಕಲ್ಲಿಗೆ ಹೊಡೆದೆ. ಮೂರನೆಯದೇ ಕೊನೆಯದು.

"ಉಸ್ರು ಹಿಡ್ದು ಹೊಳೆ ದಾಟಕ್ಕಾಯ್ತದಾ?" ಎಂದು ಮುನಿಯಲ್ಲಮ್ಮ ಎಲೆಯ ತೊಟ್ಟು ಮುರಿದರು. "ಏನೇನ್ ವಾಸ್ನೆ ಬತ್ತದೋ ಬಾಯ್ಬಿಟ್ಟು ಯೋಳ್ತಾ ಬನ್ನಿ. ನಿಲ್ಲುಸ್ಬ್ಯಾಡಿ."

ಹೇಳುತ್ತಾ ಹೋದೆ. ಒದ್ದೆ ಮಣ್ಣು. ಯಾರದೋ ಮನೆಯ ಈರುಳ್ಳಿ ಒಗ್ಗರಣೆ. ಸೋಪು. ಪಾಚಿ. ತಿರುವು ಬಂತು. ನನ್ನ ಬಾಯಿ ನಿಂತಿತು.

"ಯೋಳಿ!"

"ನಾತ," ಎಂದೆ. "ನಾತ ರೀ. ಇನ್ನೂ ಇದೆ."

"ಐತೆ. ಇಲ್ಲ ಅಂದೋರ್ಯಾರು? ಒಳಗಿನ್ ಕೆಸ್ರು ಇನ್ನೂ ಪೂರಾ ತೊಳ್ದಿಲ್ಲ. ಅದ್ಕೇನೀಗ? ಚುಕ್ಕಾಣಿ ಎಳೀರಿ!"

ಎಳೆದೆ. ನಾತವನ್ನು ಪೂರ್ತಿ ಒಳಗೆಳೆದುಕೊಂಡು, ಎರಡೂ ಕೈ ಇದ್ದಲ್ಲೇ ಇಟ್ಟು, ಕುಂಬಾರ ಸೇತುವೆಯ ನೆರಳಿಗೆ ಬಂದೆ. ಮುನಿಯಲ್ಲಮ್ಮ ಹೊಗಳಲಿಲ್ಲ. ನನ್ನ ಹಾಯಿಯ ಅಂಚಿಗೆ ಸಭೆಯ ಹಕ್ಕಿನ ಗುರುತಾದ ಕೆಂಪು ದಾರವನ್ನು ಹೊಲಿದು, ಹಲ್ಲಿನಿಂದ ತುಂಡರಿಸಿ, ಮುಂದಿನವರನ್ನು ಕೂಗಿದರು.

ನಾಳೆ ಮುಚ್ಚಬೇಕೆನ್ನುವವರು ಇದನ್ನೇ ಹೇಳುತ್ತಾರೆ: ನಾರುತ್ತದೆ, ಆದ್ದರಿಂದ ಮುಚ್ಚೋಣ. ನೀವೂ ಹೀಗೇ ಹೇಳಿರಬೇಕು. ನಾರುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಆ ಸುಳ್ಳಿನಿಂದಲೇ ನಾವು ಇಷ್ಟು ದಿನ ವಾದದಲ್ಲಿ ಸೋಲುತ್ತಾ ಬಂದೆವು. ನಾರುತ್ತದೆ, ಆದ್ದರಿಂದಲೇ ತೆರೆದಿರಲಿ. ಕಾಣುವ ಕೊಳಕನ್ನು ಯಾರಾದರೂ ಒಂದು ದಿನ ತೊಳೆದಾರು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲಿ ನದಿಯ ಒಂದಷ್ಟು ಭಾಗ ಇನ್ನೂ ಮುಚ್ಚದೆ ಉಳಿದಿದ್ದರೆ, ಅದನ್ನು ಮೋರಿ ಎಂದು ಕರೆಯಬೇಡಿ. ಹೆಸರು ಕಳೆದುಕೊಂಡದ್ದನ್ನು ಮುಚ್ಚುವುದು ಸುಲಭ.

ಎಣಿಸಿದವರು ಹೇಳುವಂತೆ ಮುಚ್ಚುವವರ ಕಡೆ ಹೆಚ್ಚು ದೋಣಿಗಳಿವೆ. ಇರಲಿ. ಸೋತರೂ ನಾನು ಹಾಯಿ ಇಳಿಸುವುದಿಲ್ಲ, ದಂಡೆಗೂ ಮರಳುವುದಿಲ್ಲ. ತಿರುವಿನ ನಡುನೀರಿನಲ್ಲಿ ಲಂಗರು ಹಾಕಿ ಕೂತಿರುತ್ತೇನೆ. ಚಪ್ಪಡಿ ಹೊತ್ತು ಬಂದವರು ನನ್ನ ಹೆಸರು ಕೇಳಿ, ಆಮೇಲೆ ಅದನ್ನು ಇಳಿಸಲಿ.

ಶಾರ್ವರಿ