ಅಶ್ವ ನಾನೂರು, ಷರಾ: ಶಕ್ತಿ

ಮಾನ್ಯ ಪರವಾನಗಿ ಅಧಿಕಾರಿಗಳೇ,

ನಮ್ಮ ಬಳಿ ಕುದುರೆಗಳಿಲ್ಲ. ನಾನೂರೂ ಇಲ್ಲ, ನಾಲ್ಕೂ ಇಲ್ಲ. ಆದರೂ ಅನುಮತಿಯಿಲ್ಲದೆ ನಾನೂರು ಅಶ್ವಗಳನ್ನು ಕೂಡಿಟ್ಟು ಉಪವಾಸ ಕೆಡವಿದ್ದೇವೆಂಬ ಆರೋಪದ ಮೇಲೆ ತಾವು ನಮ್ಮ ಶೆಡ್ಡಿಗೆ ಬೀಗ ಜಡಿಸಿ, ಅರಗಿನ ಮುದ್ರೆ ಒತ್ತಿಸಿ ಇಂದಿಗೆ ಹತ್ತೊಂಬತ್ತು ದಿನ. ಒಳಗಿರುವುದು ಒಂದು ಕಾರು. ವಿದ್ಯುತ್ತಿನಲ್ಲಿ ಓಡುವ, ಬಹಳ ಜೋರಾಗಿ ಓಡುವ ಒಂದೇ ಒಂದು ಕಾರು. ಅದರ ಹೊಟ್ಟೆಯಲ್ಲಿರುವುದು ನನ್ನ ಅಕ್ಕ ಏಳು ವರ್ಷ ಕೂತು ಮಾಡಿದ ಬ್ಯಾಟರಿ. ಶುಕ್ರವಾರದೊಳಗೆ ಚಾರ್ಜ್ ಕೊಡದಿದ್ದರೆ ಅದು ಸಾಯುತ್ತದೆ. ಇದನ್ನು ತಮಗೆ ಆರು ಸಲ ಬರೆದಿದ್ದೇನೆ. ಉತ್ತರ ಬಾರದ್ದರಿಂದ ಏಳನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ತಪ್ಪು ಶುರುವಾದದ್ದು ನನ್ನಿಂದಲೇ. ನಮ್ಮ ಸ್ಟಾರ್ಟಪ್ಪಿನಲ್ಲಿ ಇರುವವರು ಐದು ಜನ. ಅಕ್ಕ ಬ್ಯಾಟರಿ ನೋಡುತ್ತಾಳೆ, ನಾನು ವೆಲ್ಡಿಂಗ್ ಮಾಡುತ್ತೇನೆ, ಅಕ್ಷರ ದುಂಡಗಿದೆ ಎಂಬ ಪಾಪಕ್ಕೆ ಅರ್ಜಿಗಳನ್ನೂ ಬರೆಯುತ್ತೇನೆ. ಕಾರನ್ನು ರಸ್ತೆಯಲ್ಲಿ ಓಡಿಸಿ ನೋಡಲು ತಮ್ಮ ಅನುಮತಿ ಬೇಕಿತ್ತು. "ಕಿಲೋವ್ಯಾಟ್ ಅಂತ ಬರಿಯೋ, ಸಾಕು," ಎಂದಳು ಅಕ್ಕ. "ಸುಮ್ನಿರೇ, ಒಳ್ಳೆ ಕನ್ನಡದಲ್ಲಿ ಬರೀತೀನಿ, ಮರ್ಯಾದೆ ಇರುತ್ತೆ," ಎಂದು ನಾನು "ಅಶ್ವಶಕ್ತಿ: 400" ಎಂದು ಬರೆದೆ. ತಮ್ಮ ಕಂಪ್ಯೂಟರಿನ ಕಾಲಮ್ಮು ತಮ್ಮ ಮನಸ್ಸಿನಷ್ಟೇ ವಿಶಾಲವಾಗಿತ್ತು. ಅದರಲ್ಲಿ "ಅಶ್ವ" ಹಿಡಿಸಿತು, "ಶಕ್ತಿ" ಹಿಡಿಸದೆ ಪಕ್ಕದ ಷರಾ ಕಾಲಮ್ಮಿಗೆ ಜಾರಿತು. ಅಶ್ವ: 400. ಷರಾ: ಶಕ್ತಿ. ಗಾಡಿಗೂ ಪರವಾನಗಿ ಕೊಡುವವರು ತಾವೇ, ಪ್ರಾಣಿಗೂ ಕೊಡುವವರು ತಾವೇ. ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗಲು ತಡವೇ ಆಗಲಿಲ್ಲ. ತಮ್ಮ ಕಚೇರಿಯಲ್ಲಿ ಅಷ್ಟು ಚುರುಕಾಗಿ ಸಾಗಿದ ಕಡತ ಇದೊಂದೇ ಎಂದು ಕೇಳಿದ್ದೇನೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾವು ಕಟ್ಟುವ ಮೊದಲು ಪಶುವೈದ್ಯರನ್ನು ಕಳಿಸಿದಿರಿ, ಅಷ್ಟರಮಟ್ಟಿಗೆ ದೊಡ್ಡವರು. ಅವರು ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು ಬಂದು ಶೆಡ್ಡನ್ನು ಟೇಪಿನಲ್ಲಿ ಅಳೆದರು, ನಲವತ್ತಡಿಗೆ ಇಪ್ಪತ್ತಡಿ. ಕಾರಿನ ಕೆಳಗೆ ಬಗ್ಗಿ ನೋಡಿದರು.

"ಡಾಕ್ಟ್ರೇ, ಇಲ್ಲಿ ಕುದುರೆ ಇದ್ರೆ ಲದ್ದಿ ಇರ್ಬೇಕಲ್ವಾ?" ಎಂದೆ ನಾನು, ಬುದ್ಧಿವಂತನಂತೆ.

"ಅದನ್ನೇ ನೋಡ್ತಿದೀನಿ," ಎಂದು ಅವರು ನಿಟ್ಟುಸಿರು ಬಿಟ್ಟರು. "ಒಂದು ಚೂರೂ ಲದ್ದಿ ಇಲ್ಲ. ಎಷ್ಟು ದಿನ ಆಯ್ತಪ್ಪಾ ಮೇವು ಹಾಕಿ?"

ವರದಿಯಲ್ಲಿ ಹೀಗೆ ಬರೆದರು: "ಪ್ರಾಣಿಗಳನ್ನು ಅಡಗಿಸಿಡಲಾಗಿದೆ. ತೀವ್ರ ಹಸಿವಿನ ಲಕ್ಷಣಗಳು ಕಂಡುಬಂದಿವೆ." ಮರುದಿನವೇ ಮುದ್ರೆ ಬಿತ್ತು, ಶೆಡ್ಡಿನ ಕರೆಂಟನ್ನೂ ಕಡಿಸಿದಿರಿ.

ಕುದುರೆ ಇಲ್ಲ ಎಂದು ಬರೆದುಕೊಡಲು ತಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿದ್ದ ಗುಮಾಸ್ತರು ಅದನ್ನು ಎರಡು ಸಲ ಓದಿ, "ಕಡತದಲ್ಲಿ ನಾನೂರು ಇವೆಯಲ್ಲ, ಅವೇನಾದ್ವು? ಸತ್ತಿದ್ರೆ ಒಂದೊಂದಕ್ಕೂ ಮರಣ ಪತ್ರ ತನ್ನಿ," ಎಂದರು. ಇದ್ದರೆ ತಪ್ಪು, ಸತ್ತರೆ ಪ್ರಮಾಣಪತ್ರ. ಹುಟ್ಟಿಯೇ ಇಲ್ಲದವುಗಳಿಗೆ ತಮ್ಮಲ್ಲಿ ಯಾವ ಫಾರಂ ಇದೆ? ಕೊನೆಗೆ ತಮ್ಮ ಕೋಣೆಗೇ ಬಂದೆ. ಅಕ್ಕ ಬರೆದ ಬ್ಯಾಟರಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಎಲ್ಲವನ್ನೂ ವಿವರಿಸಿದೆ. ತಾವು ಕನ್ನಡಕ ತೆಗೆದು, ನೋವಿನಿಂದ ನನ್ನನ್ನು ನೋಡಿ ಕೇಳಿದಿರಿ: "ಅಂದ್ರೆ, ಕುದುರೆಗಳಿಗೆ ಕರೆಂಟ್ ಕೊಡ್ತೀರಾ?" ತಮ್ಮ ಕಣ್ಣಲ್ಲಿ ನೀರಿತ್ತು. ಇಲ್ಲದ ಕುದುರೆಗೆ ಮರುಗುವ ಮನಸ್ಸು ಎದುರಿಗಿರುವ ಮನುಷ್ಯನಿಗೆ ಯಾಕೆ ಮರುಗುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ.

ಒಳಗೇನಾಗುತ್ತಿದೆ ಎಂದು ಹೇಳುತ್ತೇನೆ, ಕೇಳಿ. ಬ್ಯಾಟರಿಯನ್ನು ಕಾಯಲೆಂದೇ ಅದರೊಳಗೆ ಒಂದು ಸಣ್ಣ ಸರ್ಕ್ಯೂಟ್ ಇದೆ. ಕಾವಲುಗಾರನಿಗೂ ಊಟ ಬೇಕಲ್ಲ, ಅದು ಆ ಬ್ಯಾಟರಿಯನ್ನೇ ಹನಿಹನಿಯಾಗಿ ಕುಡಿಯುತ್ತದೆ. ಒಂದು ಗೆರೆಗಿಂತ ಕೆಳಗಿಳಿದರೆ ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಏಳುವುದಿಲ್ಲ. ಗಂಟೆಗೊಮ್ಮೆ ಆ ಸರ್ಕ್ಯೂಟ್ ಎಚ್ಚರಗೊಂಡು "ಟಿಕ್" ಎನ್ನುತ್ತದೆ. ಅಕ್ಕ ದಿನವಿಡೀ ಶೆಡ್ಡಿನ ಹೊರಗೆ ಸ್ಟೂಲ್ ಹಾಕಿಕೊಂಡು, ಷಟರಿಗೆ ಕಿವಿಯಾನಿಸಿ ಕೂತಿರುತ್ತಾಳೆ. ಟಿಕ್ ಎಂದಾಗ, "ಇದೆ ಕಣೋ, ಇನ್ನೂ ಇದೆ," ಎನ್ನುತ್ತಾಳೆ. ಕಿಲೋವ್ಯಾಟಿನ ಮಾತನ್ನು ಅವಳು ಒಂದು ಸಲವೂ ಎತ್ತಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮೊನ್ನೆ ತಮ್ಮ ಕಚೇರಿಯ ಲಾರಿ ಬಂತು. ತಮ್ಮಲ್ಲಿ ಕರುಣೆಗೆ ಎಂದೂ ಬರವಿಲ್ಲ: ಹುಲ್ಲಿನ ಹೊರೆಗಳು, ಅರವತ್ತು ಮೂಟೆ ಹುರುಳಿ, ಜೊತೆಗೊಂದು ಪತ್ರ. ಮೂಟೆಯಲ್ಲಿ ಹುರುಳಿ ಇತ್ತು, ಪತ್ರದಲ್ಲಿ ಹುರುಳಿರಲಿಲ್ಲ. "ಹದಿನಾಲ್ಕನೇ ನಿಯಮದಂತೆ, ಮುದ್ರೆ ಹಾಕಿದ ಜಾಗದಲ್ಲಿರುವ ಪ್ರಾಣಿಗಳಿಗೆ ಅವುಗಳ ರೂಢಿಯ ಆಹಾರವನ್ನು ಒದಗಿಸತಕ್ಕದ್ದು." ಮುದ್ರೆ ಒಡೆಯಲು ಹೆದರಿ ಎಲ್ಲವನ್ನೂ ಬಾಗಿಲ ಹೊರಗೇ ಸುರಿದು ಹೋದರು. ಅಕ್ಕನ ಸ್ಟೂಲು ಹುಲ್ಲಿನ ಅಡಿಯಲ್ಲಿ ಮುಚ್ಚಿಹೋಯಿತು. ಅವಳು ಹುಲ್ಲನ್ನು ಸರಿಸಿ ಸ್ಟೂಲು ತೆಗೆದು ಮತ್ತೆ ಕೂತಳು. ಪತ್ರವನ್ನು ಓದಿ, "ರೂಢಿಯ ಆಹಾರ," ಎಂದು ನಿಧಾನವಾಗಿ ಹೇಳಿ ನನ್ನ ಮುಖ ನೋಡಿದಳು. ಬೀಗ ಬಿದ್ದ ಮೇಲೆ ಅವಳು ಮೊದಲ ಸಲ ನಕ್ಕಳು.

ಆದ್ದರಿಂದ ಈ ಪತ್ರದ ಮೊದಲ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಹೌದು, ನಮ್ಮ ಬಳಿ ಕುದುರೆಗಳಿವೆ. ಬರೋಬ್ಬರಿ ನಾನೂರು. ಎಲ್ಲವನ್ನೂ ಒಂದೇ ಕಾರಿನೊಳಗೆ ಅಡಗಿಸಿಟ್ಟಿದ್ದೇವೆ. ಪಶುವೈದ್ಯರು ಬರೆದದ್ದು ಅಕ್ಷರಶಃ ನಿಜ, ಅವು ಹಸಿದಿವೆ. ಹುಟ್ಟಿದಂದಿನಿಂದ ಅವು ಕರೆಂಟ್ ಬಿಟ್ಟು ಬೇರೇನನ್ನೂ ಬಾಯಿಗಿಟ್ಟಿಲ್ಲ. ತಮ್ಮದೇ ಹದಿನಾಲ್ಕನೇ ನಿಯಮದಂತೆ ಶುಕ್ರವಾರದೊಳಗೆ ಷಟರನ್ನು ಒಂದು ಗೇಣು ಎತ್ತಿಸಿ. ಚಾರ್ಜಿಂಗ್ ಕಿಂಡಿ ಬಾಗಿಲ ಕಡೆಗೇ, ನೆಲದ ಹತ್ತಿರವೇ ಇದೆ, ಅಕ್ಕನ ಕೈ ಎಟುಕುತ್ತದೆ. ಪಕ್ಕದ ಮನೆಯವರು ವೈರ್ ಎಳೆಯಲು ಒಪ್ಪಿದ್ದಾರೆ. ತಾವೂ ಬನ್ನಿ, ಬಗ್ಗಿ ನೋಡಿ, ಮೇವು ತಿನ್ನುವ ಸದ್ದನ್ನು ಕೇಳಿಸಿಕೊಳ್ಳಿ. ಆಮೇಲೆ ನನ್ನ ಮೇಲೆ ಯಾವ ಮೊಕದ್ದಮೆ ಬೇಕಾದರೂ ಹೂಡಿ, ನಾನೂರಕ್ಕೂ ನಾನೇ ಜವಾಬ್ದಾರ.

ಇದನ್ನು ಬರೆದು ಮುಗಿಸುವಾಗ ಷಟರಿನ ಬಳಿಯಿಂದ ಅಕ್ಕ ಕೂಗಿದಳು: ಈ ಗಂಟೆಯ ಟಿಕ್ ಬಂತಂತೆ, ಆದರೆ ತಡವಾಗಿ.

ಇಂತಿ,
ನಾನೂರು ಕುದುರೆಗಳಿದ್ದೂ ತಮ್ಮ ಕಚೇರಿಗೆ ನಡೆದೇ ಬರುವ,
"ತಮ್ಮ ವಿಶ್ವಾಸಿ" ಎಂದು ಬರೆಯಲು ಕೈ ಬಾರದ,
ಅಕ್ಕನ ತಮ್ಮ